ಕಿಲ್‌ವಾರನ್ ಕೋಟೆಯ ಚಾವಣಿ

ಸೈವ್‌ಳ ಗಂಡ ಡೊನಖ್ ಸತ್ತು ತಿಂಗಳು ಕಳೆದಿರಲಿಲ್ಲ, ಮೈದುನ ಫೀಲಿಮ್ ಆಳುಗಳನ್ನು ಕಟ್ಟಿಕೊಂಡು ಶ್ಯಾನನ್ ನದಿ ದಾಟಿ ಬಂದು ಕೋಟೆ ಬಾಗಿಲಲ್ಲಿ ನಿಂತ. ಕುಲದವರೆಲ್ಲ ಸೇರಿ ಅವನನ್ನೇ ಯಜಮಾನನೆಂದು ಆರಿಸಿದ್ದರು. ಯಜಮಾನನಾದವನಿಗೇ ಕೋಟೆ ಎಂಬುದು ವಾಡಿಕೆ. ಸೈವ್ ಒಪ್ಪಲಿಲ್ಲ. ಮೇಲಂತಸ್ತು, ಓಕ್ ತೊಲೆಗಳ ಚಾವಣಿ, ಎಲ್ಲ ಎದ್ದದ್ದು ಅವಳು ತವರಿನಿಂದ ಹೊಡೆದುಕೊಂಡು ಬಂದ ದನಗಳನ್ನು ಮಾರಿ.

"ಅತ್ತಿಗೆ, ಬಾಗ್ಲು ತೆಗಿ. ಮಳೇಲಿ ನೆನೀತಿದೀವಿ."

ಬಾಗಿಲ ಮೇಲಿನ ಕಿಂಡಿಯಿಂದ ಸೈವ್ ಬಗ್ಗಿ ನೋಡಿದಳು. "ನೆನಿ. ಅಣ್ಣ ಹಾಸಿಗೆ ಹಿಡಿದಾಗ ಮುಖ ತೋರಿಸ್ಲಿಲ್ಲ, ಈಗ ದಾರಿ ಗೊತ್ತಾಯ್ತಾ?"

"ನಾಳೆ ಗೋಡೆ ಒಡೀತೀನಿ."

"ನಿನ್ನ ತಲೇಲೇ ಒಡಿ. ಅದೂ ಕಲ್ಲೇ."

ಹಿಂದೆ ಬೆಂಕಿಯ ಪಕ್ಕ ಕೂತಿದ್ದ ಅತ್ತೆ ಫಿನೋಲ ಹಲ್ಲು ಕಡಿದಳು. "ನನ್ನ ಮಗನ್ನ ಹೊರಗೆ ನಿಲ್ಸೋಕೆ ನೀನ್ಯಾರೇ? ಒಬ್ಬನ್ನ ತಿಂದಿದ್ದು ಸಾಲ್ದಾ?"

"ಅವರ ವಾಂತಿ ಬಳಿದೋಳು ನಾನು, ಅತ್ತೆ. ನೀವು ಮೂಗು ಮುಚ್ಕೊಂಡು ಕೂತಿದ್ರಿ."

ಬೆಳಗಿನ ಜಾವ ಸೈವ್ ಮೇಲೆ ಕಾವಲಿದ್ದಾಗ ಮುದುಕಿ ಗೋಡೆ ಹಿಡಿದು ಕೆಳಗಿಳಿದು ಬಾಗಿಲಿನ ಅಗುಳಿ ಎಳೆದಳು. ಗಂಡಸರು ನುಗ್ಗಿದ ಗದ್ದಲ, ತನ್ನ ಕಾವಲಿನವರು ಈಟಿ ಕೆಳಗೆ ಹಾಕಿದ ಸದ್ದು ಕೇಳಿ ಸೈವ್‌ಗೆ ಎಲ್ಲ ಗೊತ್ತಾಯಿತು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ವೈರಿಗಳ ತಲೆಗೆ ಸುರಿಯಲೆಂದು ಕಾಯಿಸಿದ್ದ ಹಂದಿ ಕೊಬ್ಬನ್ನು ಹಲಗೆಯ ನೆಲಕ್ಕೂ ಡೊನಖ್ ಸತ್ತ ಮಂಚಕ್ಕೂ ಚೆಲ್ಲಿದಳು. ಒಲೆಯ ಕೊಳ್ಳಿ ಎಳೆದು ಅದರ ಮೇಲೆಸೆದಳು.

ಸುರುಳಿ ಮೆಟ್ಟಿಲಲ್ಲಿ ಫೀಲಿಮ್ ಎದುರಾದ. ಕೈಯಲ್ಲಿ ಕತ್ತಿ.

"ತಗೋ ಮೈದುನ, ಮನೆ ಬೆಚ್ಚಗೆ ಮಾಡಿದೀನಿ."

ಮೇಲೆ ತೊಲೆಯೊಂದು ಸಿಡಿಯಿತು. ಕತ್ತಿ ಎತ್ತಿದವನೇ ಮೊದಲು ಕೆಳಗೆ ಓಡಿದ.

ಎಲ್ಲರೂ ಅಂಗಳದಲ್ಲಿ ನಿಂತು ನೋಡುತ್ತಿದ್ದಂತೆ ಚಾವಣಿ ಕುಸಿಯಿತು. ಫಿನೋಲ ಎದೆ ಬಡಿದುಕೊಂಡಳು. "ಮನೆಹಾಳಿ!"

"ಬಾಗ್ಲು ತೆಗೆದಿದ್ದು ಯಾರು, ಅತ್ತೆ?"

ಫೀಲಿಮ್ ಕತ್ತಿಯನ್ನು ಒರೆಗೆ ಹಾಕಿದ. "ಅಣ್ಣನ ಹೆಂಡ್ತಿ ಅಂತ ಬಿಟ್ಟಿದೀನಿ. ಈ ದಡದಲ್ಲಿ ಇನ್ನೊಂದ್ಸಲ ಕಂಡ್ರೆ ಹೂತುಬಿಡ್ತೀನಿ."

ಅವಳು ನದಿ ದಾಟಿ ನಡೆದು ತವರು ಸೇರಿದಳು. ಹತ್ತಿರದ ಕಾಡೆಲ್ಲ ಆ ತವರಿನವರದೇ. ತೊಲೆಗೆಂದು ಅವರು ಫೀಲಿಮ್‌ಗೆ ಒಂದು ಮರವನ್ನೂ ಕಡಿಯಲು ಬಿಡಲಿಲ್ಲ. ಕೋಟೆಗೆ ಮತ್ತೆ ಸೂರು ಏರಲೇ ಇಲ್ಲ. ಆ ಚಳಿಗಾಲ ಕೆಳಗಿನ ಕಲ್ಲಿನ ಕಮಾನಿನಡಿ ದನ ಕಟ್ಟಿದರು. ಫಿನೋಲ ಕೋಟೆ ಬಿಟ್ಟು ಮಗನ ಬಿಡಾರಕ್ಕೆ ಹೋಗಲು ಒಪ್ಪದೆ ಆ ದನಗಳ ನಡುವೆಯೇ ಮಲಗಿ, ಕೆಮ್ಮಿ ಕೆಮ್ಮಿ ಸತ್ತಳು.

ಸುದ್ದಿ ತಂದ ಪಾದ್ರಿಗೆ ಸೈವ್ ಓಟ್ಸ್ ಗಂಜಿ ಬಡಿಸಿದಳು.

"ಮುದುಕಿಗೆ ಅಂತ ಒಂದು ಪ್ರಾರ್ಥನೆ ಹೇಳಮ್ಮ," ಎಂದರು ಅವರು.

"ನೀವೇ ಹೇಳ್ಕೊಳ್ಳಿ, ಸ್ವಾಮಿ. ಗಂಜಿ ಆರಿಹೋಗತ್ತೆ."