ಕೆಂಪು ಪುಸ್ತಕದ ಹಕ್ಕಿ

ಬಳ್ಳಾರಿಯ ಕಂಟೋನ್ಮೆಂಟಿನ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಗೆ ಸತ್ತ ಹಕ್ಕಿಗಳ ಹುಚ್ಚು. ಜಿಲ್ಲೆಯಲ್ಲಿ ಹಾರುವ ಪ್ರತಿಯೊಂದು ಹಕ್ಕಿಯ ತೊಗಲನ್ನೂ ಬಿಡಿಸಿ, ಒಳಗೆ ಹತ್ತಿ ತುಂಬಿ, ಕಾಲಿಗೆ ಹೆಸರಿನ ಚೀಟಿ ಕಟ್ಟಿ, ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸುವುದು ಅವನ ಬಿಡುವಿನ ಕೆಲಸ. ಆ ಚೀಟಿಗಳನ್ನು ದುಂಡು ಅಕ್ಷರದಲ್ಲಿ ಬರೆಯುವವನು ಗುಮಾಸ್ತ ಪ್ರಹ್ಲಾದರಾಯ. ಹಕ್ಕಿಗಳನ್ನು ಹಿಡಿದು ತಂದು ತೊಗಲು ಬಿಡಿಸುವವನು ಸಿರುಗುಪ್ಪದ ಹತ್ತಿರದ ದೇಶನೂರಿನ ಬಲೆಗಾರ ಗಾದೆಪ್ಪ. ಆರು ವರ್ಷಗಳಿಂದ ಒಬ್ಬನು ಹಕ್ಕಿಗಳ ಹೆಸರನ್ನು ಮಾತ್ರ ಮುಟ್ಟಿದ್ದ, ಇನ್ನೊಬ್ಬನು ಹಕ್ಕಿಗಳನ್ನು ಮಾತ್ರ.

ಆ ವರ್ಷದ ಮಾರ್ಗಶಿರದಲ್ಲಿ ಮದರಾಸಿನ ಅಂಗಡಿಯೊಂದರಿಂದ ರೈಲಿನಲ್ಲಿ ಎರಡು ಪುಸ್ತಕಗಳು ಬಂದವು. ಕಡಲಹಕ್ಕಿ, ನೀರುಹಕ್ಕಿ, ಬೇಟೆಹಕ್ಕಿ, ಈ ಮೂರು ಬಗೆಯನ್ನೂ ಗುರುತಿಸಿಕೊಡುತ್ತೇವೆಂದು ಎರಡೂ ಮೊದಲ ಪುಟದಲ್ಲಿಯೇ ಮಾತು ಕೊಟ್ಟಿದ್ದವು. ಒಂದು ಕರಿಯ ಚರ್ಮದ ಹೊದಿಕೆಯದು. ಅದರಲ್ಲಿ ಚಿತ್ರವೆಂಬುದಿಲ್ಲ, ಬರಿಯ ಅಳತೆಗಳು. ಇನ್ನೊಂದು ಕೆಂಪು ಬಟ್ಟೆಯ ಹೊದಿಕೆಯದು. ಪುಟ ತೆರೆದರೆ ಬಣ್ಣದ ಹಕ್ಕಿಗಳು ಈಗಲೋ ಆಗಲೋ ಹಾರಿಹೋಗುವಂತೆ ಕುಳಿತಿದ್ದವು.

ದೊರೆ ಕುರುಗೋಡಿಗೆ ಕ್ಯಾಂಪು ಹೊರಡುವಾಗ ಪ್ರಹ್ಲಾದರಾಯನಿಗೆ ಅಪ್ಪಣೆ ಮಾಡಿದ. ಮೂರು ಬಗೆಯಲ್ಲಿ ಒಂದೊಂದು ಹಕ್ಕಿಯನ್ನು ತರಿಸಿ ಪುಸ್ತಕಗಳನ್ನು ಪರೀಕ್ಷಿಸಬೇಕು. ಯಾವುದು ಮೇಲೆಂದು ತೋರುವುದೋ ಅದು ಇಲ್ಲಿರಲಿ, ಮತ್ತೊಂದು ಮದರಾಸಿಗೆ ಮರಳಲಿ. ಸೋಮವಾರ ಹತ್ತು ಗಂಟೆಗೆ ತಾನು ಬರುವಷ್ಟರಲ್ಲಿ ತೀರ್ಮಾನವಾಗಿರಬೇಕು. ಜಿಲ್ಲೆಯ ಪಟ್ಟಿಯಲ್ಲಿಲ್ಲದ ಹಕ್ಕಿಯೇನಾದರೂ ಸಿಕ್ಕಿದರೆ ಅದರ ತೊಗಲು ಮೇಜಿನ ಮೇಲಿರಬೇಕು. ಗುರುತಿಸಿದವನ ಹೆಸರು ಮದರಾಸಿಗೆ ಹೋಗುವ ಕಾಗದದಲ್ಲಿ ಇರುತ್ತದೆ.

ಕೊನೆಯ ಮಾತು ಪ್ರಹ್ಲಾದರಾಯನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಆರು ವರ್ಷಗಳಲ್ಲಿ ಸಾವಿರ ಹೆಸರುಗಳನ್ನು ಬರೆದ ಕೈ ಒಮ್ಮೆಯೂ ತನ್ನ ಹೆಸರನ್ನು ಬರೆದಿರಲಿಲ್ಲ.

ಸೋಮವಾರ ದ್ವಾದಶಿ. ಹಿಂದಿನ ದಿನದ ಏಕಾದಶಿಯ ನಿರಾಹಾರ ಮುರಿದು ಪಾರಣೆ ಮಾಡಲು ಅಂದು ಇದ್ದ ಕಾಲ ಬಹಳ ಕಿರಿದು. ಸೂರ್ಯೋದಯವಾಗಿ ಮುಕ್ಕಾಲು ಗಂಟೆಯೊಳಗೆ ಎಲೆಯ ಮುಂದೆ ಕೂಡಬೇಕು. ಪ್ರಹ್ಲಾದರಾಯ ಸ್ನಾನ ಮುಗಿಸಿ, ಮಡಿಯುಟ್ಟು, ಪೂಜೆ ಮುಗಿಸಿ ಏಳುವ ಹೊತ್ತಿಗೆ ಬ್ರೂಸ್‌ಪೇಟೆಯ ಅವನ ಮನೆಯ ಹಿತ್ತಲಲ್ಲಿ ಗಾದೆಪ್ಪ ಬುಟ್ಟಿ ಇಳಿಸಿದ್ದ. ಅವನ ಎಡಗೈಯ ತೊಗಲಿನ ಪಟ್ಟಿಯ ಮೇಲೆ ಬೇಟೆಗೆ ಪಳಗಿಸಿದ ಒಂದು ಡೇಗೆ ಕುಳಿತಿತ್ತು.

"ಶರಣ್ರಿ ಸ್ವಾಮಿ. ಹೊಳಿ ಹಕ್ಕಿ ಒಂದು, ಬಾತು ಒಂದು ತಂದೀನ್ರಿ. ಮೂರನೇದು ಸಿಗಲಿಲ್ಲ. ಮೂರು ದಿನ ಕುರುಗೋಡು ಗುಡ್ಡದಾಗ ಬಲಿ ಹಾಕಿದ್ರೂ ಒಂದೂ ಬೀಳಲಿಲ್ಲ. ಅದಕ್ಕ ನಮ್ಮ ಸುಂಕೀನ ತಂದೀನ್ರಿ. ನೋಡಾಕ ಅಷ್ಟ ಅಂದಿದ್ರಲ್ಲ."

"ನೋಡ್ಲಿಕ್ಕೆ ಅಷ್ಟ ಲೇ. ನಿನ್ನ ಹದ್ದು ತಗೊಂಡು ನಾನೇನು ಮಾಡ್ಲಿ."

"ಹದ್ದು ಅನಬ್ಯಾಡ್ರಿ. ಸಿಟ್ಟು ಬರತೈತಿ ಆಕಿಗೆ."

ಚೈತ್ರದಲ್ಲಿ ಕುರುಗೋಡಿನ ಬಂಡೆಗಳ ನಡುವೆ ಬಲೆಗೆ ಬಿದ್ದ ಮರಿ ಅದು. ಹಿಡಿದ ದಿನ ಗಾದೆಪ್ಪ ಅದರ ರೆಪ್ಪೆಗಳನ್ನು ದಾರದಿಂದ ಹೊಲಿದಿದ್ದ. ಬೇಟೆಗಾರರ ಪದ್ಧತಿ ಅದು. ಕತ್ತಲೆಯಲ್ಲಿ ಅವನ ದನಿಯೊಂದನ್ನೇ ಕೇಳುತ್ತ, ಅವನ ಕೈಯ ಮಾಂಸವನ್ನೇ ತಿನ್ನುತ್ತ, ದಿನಕ್ಕೊಂದಿಷ್ಟು ದಾರ ಸಡಿಲಾದಂತೆ ಹಕ್ಕಿ ಮೊದಲು ಕಂಡದ್ದು ಅವನ ಮುಖವನ್ನು. ಈಗ ಅವನ ಮನೆಯ ಐದು ಬಾಯಿಗಳಿಗೆ ಮೊಲ, ಕೌಜುಗ ತಂದುಹಾಕುವುದು ಆ ಡೇಗೆಯೇ.

ಕರಿಯ ಪುಸ್ತಕ ಕಚೇರಿಯಲ್ಲಿಯೇ ಉಳಿದಿತ್ತು. ಚರ್ಮ ಸುತ್ತಿದ ವಸ್ತುವನ್ನು ದ್ವಾದಶಿಯ ಬೆಳಗ್ಗೆ ಮನೆಯೊಳಗೆ ತರುವುದುಂಟೆ. ಕೆಂಪು ಪುಸ್ತಕವನ್ನು ಸ್ನಾನಕ್ಕೆ ಮೊದಲೇ ಹಿತ್ತಲ ಜಗಲಿಯ ಮೇಲಿರಿಸಿದ್ದ ಪ್ರಹ್ಲಾದರಾಯ, ಮಡಿ ಕೆಡದಂತೆ ಕಡ್ಡಿಯ ತುದಿಯಿಂದ ಹಾಳೆ ತಿರುವಿದ. ಹೊಳೆಯ ಹಕ್ಕಿ ಕಡಲಹಕ್ಕಿಗಳ ಸಾಲಿನಲ್ಲಿ ಕೂಡಲೇ ಸಿಕ್ಕಿತು: ಹಳದಿ ಕೊಕ್ಕು, ಕವಲು ಬಾಲ. ಬಾತು ಇನ್ನೂ ಬೇಗ ಸಿಕ್ಕಿತು. ಮುಟ್ಟಬೇಕಾಗಿಲ್ಲ, ಅಳೆಯಬೇಕಾಗಿಲ್ಲ; ಪುಸ್ತಕವೆಂದರೆ ಹೀಗಿರಬೇಕು ಎಂದುಕೊಂಡ.

ಮೂರನೆಯದಕ್ಕೆ ಬಂದಾಗ ಅವನ ಕಡ್ಡಿ ಹಾಳೆಯ ಮೇಲೆ ನಿಂತಿತು. ಈ ನಾಡಿನ ಡೇಗೆಯ ಚಿತ್ರದಲ್ಲಿ ಎದೆ ಬೆಳ್ಳಗಿತ್ತು. ಗಾದೆಪ್ಪನ ಕೈಯ ಮೇಲಿದ್ದುದರ ಎದೆ ಹೊಟ್ಟೆಯೆಲ್ಲ ಗಾಢ ಕಂದು. ಅಂಥ ಚಿತ್ರ ಮರುಪುಟದಲ್ಲಿತ್ತು. ಕೆಳಗಿನ ಬರಹದ ಪ್ರಕಾರ ಅದು ಕಾಬೂಲಿನ ಆಚೆಯ ಬೆಟ್ಟಗಳ ಹಕ್ಕಿ, ಪಂಜಾಬಿನಿಂದ ಕೆಳಗೆ ಯಾರೂ ಕಂಡಿಲ್ಲ.

"ಇದು ಇಲ್ಲಿದಲ್ಲ," ಎಂದ ಪ್ರಹ್ಲಾದರಾಯ.

"ಇಲ್ಲೀದ ಐತ್ರಿ. ಈ ವರ್ಷದ ಮರಿ, ಅದಕ್ಕ ಕಂದು ಐತಿ. ಒಂದು ಸಲ ಗರಿ ಉದುರಲಿ, ಎದಿ ಬೆಳ್ಳಗಾಕ್ಕೈತಿ. ಈಕಿ ಅವ್ವ ಇನ್ನೂ ಕುರುಗೋಡು ಬಂಡೆಗಲ್ಲ ಮ್ಯಾಲೆ ಕುಂತಾಳ್ರಿ, ಕರಕೊಂಡು ಹೋಗಿ ತೋರಸ್ತೀನಿ."

ಪ್ರಹ್ಲಾದರಾಯನಿಗೆ ಕರಿಯ ಪುಸ್ತಕದ ಒಂದು ಸಾಲು ನೆನಪಾಯಿತು. ಶನಿವಾರ ಕಚೇರಿಯಲ್ಲಿ ಅದನ್ನು ಎರಡು ಸಲ ಓದಿದ್ದ: ಮೊದಲ ವರ್ಷದ ಡೇಗೆಗಳ ಬಣ್ಣವನ್ನು ನಂಬಬಾರದು, ಕಾಲಿನ ನಡುಬೆರಳನ್ನು ಕಣಕಾಲಿನೊಂದಿಗೆ ಹೋಲಿಸಿ ಅಳೆಯಬೇಕು, ಬೆರಳು ಗಿಡ್ಡವಾಗಿದ್ದರೆ ಅದು ಈ ನಾಡಿನದೇ. ಅಳೆಯಬೇಕೆಂದರೆ ಹಸಿಮಾಂಸ ಹರಿಯುವ ಆ ಕಾಲನ್ನು ಹಿಡಿಯಬೇಕು. ಹಿಡಿದರೆ ಮತ್ತೆ ತಲೆಗೆ ಸ್ನಾನ, ಮತ್ತೆ ಮಡಿ. ಪಾರಣೆಯ ಹೊತ್ತು ಮೀರುತ್ತದೆ.

ಒಳಗಿನಿಂದ ಹೆಂಡತಿ ಗಂಗಾಬಾಯಿಯ ದನಿ ಬಂತು. "ಅಗಸೆ ಸೊಪ್ಪಿನ ಪಲ್ಯ ಆರಲಿಕ್ಕೆ ಹತ್ತದ. ಹೊತ್ತು ಹೋಗ್ತದ್ರಿ."

"ಬಂದೆ," ಎಂದು ಅವನು ಬಲೆಗಾರನ ಕಡೆ ತಿರುಗಿದ. "ಅದರ ನಡುಬೆರಳು ಎಷ್ಟದ?"

ಗಾದೆಪ್ಪನ ಮುಖ ಅರಳಿತು. ಭತ್ತದ ಹುಲ್ಲಿನ ಕಡ್ಡಿಯೊಂದನ್ನು ಎತ್ತಿ, ಹಕ್ಕಿಯ ಕಣಕಾಲಿಗೆ ಹಿಡಿದು ಉಗುರಿನಿಂದ ಗೀರಿದ. ಬೆರಳಿಗೆ ಹಿಡಿದು ಮತ್ತೊಂದು ಗೀರು ಹಾಕಿದ. ಸುಂಕಿ ಸುಮ್ಮನೆ ಕಾಲು ಕೊಟ್ಟಿತು. "ನೋಡ್ರಿ, ಬೆರಳು ಒಂದು ಭತ್ತದಕಾಳಿನಷ್ಟು ಗಿಡ್ಡ ಐತಿ."

ಕಡ್ಡಿಯನ್ನು ಜಗಲಿಯ ಅಂಚಿನಲ್ಲಿಟ್ಟು ಅವನು ಹಿಂದೆ ಸರಿದು ನಿಂತ. ಎರಡು ಗೀರುಗಳು ಬೆಳಗಿನ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಪ್ರಹ್ಲಾದರಾಯ ಅವನ್ನು ನೋಡಿದ, ಆಮೇಲೆ ಬಣ್ಣದ ಚಿತ್ರವನ್ನು ನೋಡಿದ. ಚಿತ್ರದ ಕೆಳಗೆ ಇಷ್ಟು ಜಾಗ ಖಾಲಿಯಿತ್ತು. ಒಂದು ಹೆಸರು ಹಿಡಿಸುವಷ್ಟು.

"ನಿನಗ ಬೇಕಾದಲ್ಲಿ ಗೀರಿದ್ರ ಅದು ಅಳತಿ ಆಗ್ತದೇನು? ಸಾಹೇಬರ ಪುಸ್ತಕ ದೊಡ್ಡದೋ, ನಿನ್ನ ಹುಲ್ಲುಕಡ್ಡಿ ದೊಡ್ಡದೋ? ಹತ್ತಕ್ಕ ದೊರಿ ಬರ್ತಾರ. ಅಷ್ಟ್ರಾಗ ತೊಗಲು ಮೇಜಿನ ಮ್ಯಾಲ ಇರಬೇಕು."

ಗಾದೆಪ್ಪ ಡೇಗೆಯನ್ನು ಎದೆಯ ಹತ್ತಿರಕ್ಕೆ ತಂದುಕೊಂಡ.

"ನೋಡಾಕ ಅಷ್ಟ ಅಂದಿದ್ರಿ, ಸ್ವಾಮಿ."

"ನೋಡಿದೆ. ನೋಡಿದ್ದಕ್ಕ ಹೇಳ್ತೀನಿ."

"ನನ್ನ ಮನಿ ನಡಿಯೋದ ಇದರಿಂದ್ರಿ. ಬ್ಯಾರೆ ಹತ್ತು ತಂದುಕೊಡ್ತೀನಿ."

"ದೇಶನೂರು ಕೆರ್ಯಾಗ ಬಲಿ ಹಾಕ್ಲಿಕ್ಕೆ ದೊರಿ ಕೊಟ್ಟ ಚೀಟಿ ಅದ ಅಲ್ಲ, ಅದು ಬೇಕೋ ಬ್ಯಾಡೋ?"

ಗಾದೆಪ್ಪ ತಲೆ ತಗ್ಗಿಸಿದ. ಹಕ್ಕಿಯ ಕಾಲಿನ ತೊಗಲುಪಟ್ಟಿಗಳನ್ನು ನಿಧಾನವಾಗಿ ಬಿಚ್ಚಿದ. ಕೊಲ್ಲಲು ಬಿಚ್ಚುತ್ತಿದ್ದಾನೆಂದು ಪ್ರಹ್ಲಾದರಾಯ ತಿಳಿದುಕೊಂಡ. ಥಟ್ಟನೆ ಬಲೆಗಾರ ಕೈಯನ್ನು ಮೇಲಕ್ಕೆಸೆದ. ಡೇಗೆ ಹಿತ್ತಲ ಗೋಡೆ ದಾಟಿ, ಬ್ರೂಸ್‌ಪೇಟೆಯ ಮಾಳಿಗೆಗಳ ಮೇಲೇರಿ, ಕೋಟೆಗುಡ್ಡದ ಕಡೆ ಒಂದು ಚುಕ್ಕೆಯಾಯಿತು.

"ಕೈ ಜಾರಿತ್ರಿ," ಎಂದ ಗಾದೆಪ್ಪ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಕೂಗಲಿಲ್ಲ, ಸಿಳ್ಳೆ ಹಾಕಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ.

ಪ್ರಹ್ಲಾದರಾಯ ಬೈಯಲು ಬಾಯಿ ತೆರೆದ. ಆದರೆ ಬೈಯುವ ಅಗತ್ಯ ಬೀಳಲಿಲ್ಲ. ಚುಕ್ಕೆ ದೊಡ್ಡದಾಯಿತು. ಡೇಗೆ ಮನೆಯ ಮೇಲೆ ಎರಡು ಸುತ್ತು ಹಾಕಿತು. ಇಳಿಯಲು ಎಂದಿನ ಕೈ ಕಾಣದೆ ತುಸು ತಡವರಿಸಿ, ಗಾದೆಪ್ಪನ ಹೆಗಲ ಮೇಲೆ ಬಂದು ಕುಳಿತಿತು. ಕುಳಿತು, ಅವನ ಕಿವಿಯ ಬಳಿ ಕೊಕ್ಕಿನಿಂದ ಮೆಲ್ಲಗೆ ತಟ್ಟಿತು. ತುತ್ತು ಕೇಳುವ ಬಗೆ ಅದು.

"ಛಲೋ ಕಲಿಸೀಯಪಾ," ಎಂದು ಪ್ರಹ್ಲಾದರಾಯ ನಕ್ಕ. "ಗರಿ ಮುರೀಬಾರದು ಮತ್ತ."

ಗರಿ ಮುರಿಯದಂತೆ ಕೊಲ್ಲುವ ಬಗೆಯನ್ನು ಗಾದೆಪ್ಪನಿಗೆ ದೊರೆಯೇ ಕಲಿಸಿದ್ದ. ರೆಕ್ಕೆಗಳ ಕೆಳಗೆ ಹೆಬ್ಬೆರಳುಗಳನ್ನಿಟ್ಟು, ಎದೆಗೂಡನ್ನು ಒತ್ತಿ, ಉಸಿರು ನಿಲ್ಲುವವರೆಗೂ ಬಿಡದಿರುವುದು. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಒತ್ತಿದ. ಅವನೇ ಹಿಡಿದಿದ್ದರಿಂದ ಹಕ್ಕಿ ಒದ್ದಾಡಲಿಲ್ಲ. ಅಷ್ಟರಲ್ಲಿ ಗುಮಾಸ್ತ ಒಳಗೆ ಹೋಗಿ ಎಲೆಯ ಮುಂದೆ ಕುಳಿತಿದ್ದ. ಅಗಸೆ ಸೊಪ್ಪು ಹದವಾಗಿ ಬೆಂದಿತ್ತು.

ಹತ್ತು ಗಂಟೆಗೆ ದೊರೆ ಬಂದ. ಬಂಗಲೆಯ ಮೇಜಿನ ಮೇಲೆ ಸುಂಕಿ ಅಂಗಾತ ಮಲಗಿತ್ತು. ತೊಗಲಿಗೆ ಹುಳು ಹಿಡಿಯದಂತೆ ಪಾಷಾಣದ ಸಾಬೂನು ಹಚ್ಚಿತ್ತು, ಕಣ್ಣುಗಳ ಜಾಗದಲ್ಲಿ ಬಿಳಿಯ ಹತ್ತಿಯಿತ್ತು. ಗಾದೆಪ್ಪ ಬಾಗಿಲ ಬಳಿ ನಿಂತಿದ್ದ. ದೊರೆ ಹಿತ್ತಾಳೆಯ ಕೈವಾರವನ್ನು ತೆಗೆದು, ಕಣಕಾಲಿಗೊಮ್ಮೆ, ನಡುಬೆರಳಿಗೊಮ್ಮೆ ಇಟ್ಟ. ಒಂದು ನಿಮಿಷವೂ ಹಿಡಿಯಲಿಲ್ಲ.

ಇದು ಇಲ್ಲಿಯ ಸಾಧಾರಣ ಡೇಗೆಯ ಮರಿ, ನನ್ನ ಪೆಟ್ಟಿಗೆಯಲ್ಲಿ ಇಂಥವು ಏಳಿವೆ, ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಅಪರೂಪದ್ದೆಂದು ಹೇಳಿದವರು ಯಾರು?

ಪ್ರಹ್ಲಾದರಾಯ ಬಾಗಿಲ ಕಡೆ ತಿರುಗಿದ. ಈ ಬಲೆಗಾರನೇ ಆಣೆಯಿಟ್ಟು ಹೇಳಿದನೆಂದೂ, ಇನಾಮಿನ ಆಸೆಗೆ ತನ್ನ ಸಾಕಿದ ಹಕ್ಕಿಯನ್ನೇ ಕೊಂದು ತಂದನೆಂದೂ, ತಾನು ಎಷ್ಟು ಹೇಳಿದರೂ ಕೇಳಲಿಲ್ಲವೆಂದೂ ಅವನು ಚೊಕ್ಕ ಇಂಗ್ಲಿಷಿನಲ್ಲಿ ಅರಿಕೆ ಮಾಡಿಕೊಂಡ. ನಡುವೆ ಎರಡು ಸಲ ಗಾದೆಪ್ಪನ ಹೆಸರು ಬಂತು. ಹೆಸರು ಕೇಳಿದಾಗಲೆಲ್ಲ ಗಾದೆಪ್ಪ ಕೈಮುಗಿದ. ರಾಯರು ತನ್ನ ಪರವಾಗಿ ಮಾತನಾಡುತ್ತಿದ್ದಾರೆಂದು ಅವನಿಗೆ ತೋರಿತು.

ಪುಸ್ತಕ ಯಾವುದೆಂದು ದೊರೆ ಕೇಳಿದ.

"ಕರಿಯದು," ಎಂದ ಪ್ರಹ್ಲಾದರಾಯ. ಕೆಂಪು ಪುಸ್ತಕ ಮಕ್ಕಳಿಗೆ ಸರಿ, ಬಣ್ಣವನ್ನು ನಂಬಿದವನು ಕೆಡುತ್ತಾನೆ ಎಂದು ಕಾರಣವನ್ನೂ ಕೊಟ್ಟ. ದೊರೆ ಮೊದಲ ಬಾರಿಗೆ ಅವನನ್ನು ಮೆಚ್ಚಿ ನೋಡಿದ. ಬಲೆಗಾರನ ಚೀಟಿಯನ್ನು ಅಂದೇ ರದ್ದು ಮಾಡಿ, ಅವನನ್ನು ಇತ್ತ ಕಾಲಿಡಗೊಡಬಾರದೆಂದು ಅಪ್ಪಣೆ ಮಾಡಿ ಒಳಗೆ ಹೋದ.

"ದೊರಿ ಏನಂದ್ರು, ಸ್ವಾಮಿ?" ಗಾದೆಪ್ಪ ಕೇಳಿದ.

"ಕೈಕೆಲಸ ಛಲೋ ಅದ ಅಂದ್ರು. ಚೀಟಿ ಇಲ್ಲಿ ಕೊಟ್ಟುಹೋಗು, ಹೊಸದು ಬರೀಬೇಕು. ತೊಗಲು ಬೇಕಾಗಿಲ್ಲಂತ, ನೀನ ಒಯ್ಯಿ."

ಗಾದೆಪ್ಪ ಸೊಂಟದ ಗಂಟಿನಿಂದ ಚೀಟಿ ತೆಗೆದು ನೆಲದ ಮೇಲಿಟ್ಟ. "ನಿಮ್ಮಿಂದ ಉಪಕಾರ ಆತ್ರಿ," ಎಂದ. ಆಮೇಲೆ ಸುಂಕಿಯನ್ನೆತ್ತಿ, ಅಭ್ಯಾಸದಂತೆ ಎಡಗೈಯ ಪಟ್ಟಿಯ ಮೇಲೆ ಕೂರಿಸಲು ನೋಡಿದ. ಅದು ಉರುಳಿತು. ಎದೆಗೆ ಒತ್ತಿಕೊಂಡು ಸಿರುಗುಪ್ಪದ ದಾರಿ ಹಿಡಿದ.

ಸಂಜೆ ಪ್ರಹ್ಲಾದರಾಯ ಮನೆಗೆ ಬಂದಾಗ ಗಂಗಾಬಾಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಜಗಲಿಯ ಅಂಚಿನಲ್ಲಿ ಆ ಹುಲ್ಲಿನ ಕಡ್ಡಿ ಇನ್ನೂ ಇತ್ತು.

"ಇದು ಅವನು ಇಟ್ಟದ್ದಲ್ಲೇನ್ರಿ? ನೀವೇನರೆ ಮುಟ್ಟೀರೇನು?"

"ಇಲ್ಲ," ಎಂದ ಅವನು. ಕೊಡೆಯ ತುದಿಯಿಂದ ಕಡ್ಡಿಯನ್ನು ಹಿತ್ತಲಲ್ಲಿ ಕಟ್ಟಿದ್ದ ಆಕಳ ಮುಂದೆ ತಳ್ಳಿದ. ಆಕಳು ಅದನ್ನು ನಾಲಿಗೆಯಿಂದ ಎಳೆದುಕೊಂಡು, ಎರಡೂ ಗೀರುಗಳ ಸಮೇತ, ಅಗಿಯತೊಡಗಿತು.