ಬಾಯಿ ಬಿಟ್ಟರೆ ಸತ್ತೆ

ತಿಮ್ಮರಾಜುವಿಗೆ ನೀರೆಂದರೆ ಭಯವಿಲ್ಲ ಎಂಬುದು ನೊಣವಿನಕೆರೆಯ ಸುತ್ತ ಎಲ್ಲರಿಗೂ ಗೊತ್ತಿತ್ತು. ಬಾವಿಗೆ ಬಿದ್ದದ್ದು ಪಂಪಾಗಲಿ, ಕೊಡವಾಗಲಿ, ಕುರಿಯಾಗಲಿ, ಮನುಷ್ಯರೇ ಆಗಲಿ, ಅವನನ್ನು ಕರೆಯುತ್ತಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಂದು ಉಸಿರು ಎಳೆದುಕೊಂಡು ಮುಳುಗುತ್ತಿದ್ದ. ಎದ್ದಾಗ ಕೈಯಲ್ಲಿ ಏನಾದರೂ ಇರುತ್ತಿತ್ತು.

ಹೋದ ವರ್ಷ ಹೇಮಾವತಿ ನೀರು ಬಂದು ಕೆರೆ ತುಂಬಿದಾಗ ಆ ಒಂದು ಉಸಿರು ಸಾಲಲಿಲ್ಲ. ತೂಬಿನ ಹತ್ತಿರ ಮುಳುಗಿದವನ ಹೆಣಕ್ಕಾಗಿ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಒಳಗೆ ಹೋಗಿ ಬಂದ. ಒಂದು ಸಲ ಕೂದಲು ಕೈಗೆ ಸಿಕ್ಕಿತು. ಅಷ್ಟರಲ್ಲಿ ಉಸಿರು ಮುಗಿದಿತ್ತು, ಬಿಟ್ಟು ಮೇಲೆ ಬಂದ. ಮತ್ತೆ ಸಿಗಲಿಲ್ಲ. ಮಾರನೆಯ ದಿನ ತುಮಕೂರಿನಿಂದ ಬೆನ್ನಿಗೆ ಗಾಳಿಯ ಸಿಲಿಂಡರ್ ಹಾಕಿಕೊಂಡು ಬಂದವರು ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಹೆಣ ತೆಗೆದರು.

ಹಾಗಾಗಿ ದೊಡ್ಡ ಕೆರೆಗಳಿರುವ ಊರುಗಳಲ್ಲಿ ಸರ್ಕಾರದವರು ಇಬ್ಬಿಬ್ಬರಿಗೆ ಸ್ಕೂಬಾ, ಅಂದರೆ ನೀರೊಳಗೆ ಉಸಿರಾಡುತ್ತ ಮುಳುಗುವುದನ್ನು, ಕಲಿಸಿ ಸಿಲಿಂಡರ್ ಕೊಡುತ್ತಾರೆ ಎಂದು ಗೊತ್ತಾದಾಗ ಮೊದಲು ಹೆಸರು ಕೊಟ್ಟವನು ಅವನೇ. ಇನ್ನೊಬ್ಬಳು ಅನಿತಾ. ತಿಪಟೂರಿನಲ್ಲಿ ನರ್ಸಿಂಗ್ ಓದಿದವಳು, ಕಾಲೇಜಿನ ಈಜುಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಪಡೆದದ್ದನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು. ಕಲಿಸಲು ಬಂದವನು ಯೋಗೀಶ್, ತಿಪಟೂರಿನ ಕೊಬ್ಬರಿ ವ್ಯಾಪಾರಿಗಳ ಮನೆಯವನು, ನೌಕಾಪಡೆಯಲ್ಲಿದ್ದು ಬಿಟ್ಟು ಬಂದವನು. ಕೆರೆಯ ನೀರು ಕೆಸರು, ಏನೂ ಕಾಣುವುದಿಲ್ಲ ಎಂದು ಏರಿಯ ಹಿಂದಿನ ತೆಂಗಿನ ತೋಟದ ಮೆಟ್ಟಿಲು ಬಾವಿಯಲ್ಲಿ ಪಾಠ ಶುರು ಮಾಡಿದ.

ಅನಿತಾ ಮೊದಲ ದಿನವೇ ಬಾವಿಯ ತಳದಲ್ಲಿ ಕೂತು ಉಸಿರಾಡಿದಳು. ತಿಮ್ಮರಾಜುವಿಗೆ ಆಗಲಿಲ್ಲ.

ತಳ ಮುಟ್ಟುವುದು ಅವನಿಗೆ ಕಷ್ಟವಿರಲಿಲ್ಲ. ಉಸಿರಾಡುವುದು ಕಷ್ಟವಾಯಿತು. ನೀರು ತಲೆಯ ಮೇಲೆ ಬಂದ ಕೂಡಲೇ ಗಂಟಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಬಾಯಲ್ಲಿ ಸಿಲಿಂಡರಿನ ಕೊಳವೆಯ ತುದಿಯ ರೆಗ್ಯುಲೇಟರ್ ಇದೆ, ಎಳೆದರೆ ಗಾಳಿ ಬರುತ್ತದೆ ಎಂದು ತಲೆಗೆ ಗೊತ್ತಿತ್ತು, ಗಂಟಲಿಗೆ ಗೊತ್ತಿರಲಿಲ್ಲ. ಮೇಲಿನಿಂದ ತಂದ ಉಸಿರನ್ನೇ ಹಿಡಿದುಕೊಂಡು ಕೂರುತ್ತಿದ್ದ. ಅದು ಮುಗಿದಾಗ ಎದೆ ಹೊಡೆದುಕೊಳ್ಳಲು ಶುರುವಾಗಿ, ಕಾಲು ನೆಲ ಒದ್ದು ಮೇಲೆ ತರುತ್ತಿತ್ತು. ಯೋಗೀಶ್ ಪ್ರತಿ ಸಲವೂ ಅವನ ಸಿಲಿಂಡರಿನ ಪಟ್ಟಿ ಹಿಡಿದು ಜಗ್ಗಿ, ಹೊಟ್ಟೆಗೆ ಗುದ್ದಿ ಗಾಳಿ ಬಿಡಿಸಿ, ನಿಧಾನಕ್ಕೆ ಮೇಲೆ ಕರೆತರಬೇಕಾಗಿತ್ತು.

"ಲೋ, ಉಸಿರು ಕಟ್ಕೊಂಡು ಮೇಲಕ್ಕೆ ಬಂದ್ರೆ ಒಳಗಿರೋ ಗಾಳಿ ಹಿಗ್ಗುತ್ತೆ ಕಣಪ್ಪ. ಶ್ವಾಸಕೋಶ ಹರಿದುಹೋಗುತ್ತೆ" ಎಂದ ಯೋಗೀಶ್, ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು. "ಇದರಲ್ಲಿ ಒಂದೇ ಕಾನೂನು. ಗುಳ್ಳೆ ನಿಲ್ಲಬಾರದು. ನಿನ್ ಗುಳ್ಳೆ ಶುರುನೇ ಆಗಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ನಿನ್ನ ಹೆಸರು ತೆಗೀತೀನಿ. ಬೇಜಾರಿಲ್ಲ, ನೀನು ಸಾಯೋದಕ್ಕಿಂತ ವಾಸಿ."

"ನಿಮ್ಮನ್ನ ಮೀನು ಅಂತಿದ್ರು ಊರಲ್ಲೆಲ್ಲ" ಎಂದಳು ಅನಿತಾ, ಮಾಸ್ಕ್ ತೊಳೆಯುತ್ತ. "ಮೀನಿಗೆ ಬಾಯಿ ಮುಚ್ಚೋದು ಯಾರು ಹೇಳ್ಕೊಟ್ರು?"

ಹೇಳಿಕೊಟ್ಟವನು ಬಾವಿಯಿಂದ ಕೂಗಳತೆಯಲ್ಲೇ ಇದ್ದ. ಲಕ್ಕಯ್ಯ, ತಿಮ್ಮರಾಜುವಿನ ದೊಡ್ಡಪ್ಪ. ಅಂದು ತೋಟದಲ್ಲಿ ಕಾಯಿ ಕಿತ್ತು ರಾಶಿ ಹಾಕಿದ್ದರು, ಅಟ್ಟಕ್ಕೆ ಸಾಗಿಸುವ ಮುಂಚೆ ಎಣಿಸಲು ಲಕ್ಕಯ್ಯ ಬಂದಿದ್ದ. ತಿಮ್ಮರಾಜು ಸಣ್ಣವನಿದ್ದಾಗ ತೇಲಲೆಂದು ಎರಡು ಒಣಕಾಯಿ ಬೆನ್ನಿಗೆ ಕಟ್ಟಿ ಇದೇ ಬಾವಿಗೆ ಎಸೆದಿದ್ದವನು ಅವನು. ಕಾಯಿ ಬಿಚ್ಚಿದ ದಿನ ತಲೆ ಹಿಡಿದು ನೀರಿಗೆ ಅದುಮಿ ಒಂದೇ ಮಾತು ಹೇಳಿದ್ದ: "ಬಾಯಿ ಬುಟ್ರೆ ಸತ್ತೆ." ಪಾಠ ಅಷ್ಟೇ. ಅದು ತಪ್ಪು ಪಾಠವೂ ಅಲ್ಲ. ಸಿಲಿಂಡರ್ ಇಲ್ಲದವನಿಗೆ ಬೇರೆ ಪಾಠವಿಲ್ಲ.

ಲಕ್ಕಯ್ಯ ಬಾವಿಯ ಕಟ್ಟೆಗೆ ಬಂದು ಇಣುಕಿದ.

"ಯಾಕ್ಲಾ, ಇನ್ನೂ ಒಲೆ ಹತ್ಲಿಲ್ವಾ? ಗ್ಯಾಸ್ ಸಿಲಿಂಡ್ರು ಬೆನ್ನಿಗ್ ಕಟ್ಕೊಂಡು ಕುಂತಿದ್ದೀಯ."

"ನೀನು ಹೋಗಿ ಕಾಯಿ ಎಣ್ಸು ದೊಡ್ಡಪ್ಪ."

"ಎಣುಸ್ತೀನಿ ಬುಡು. ನಮ್ಮ ವಂಶದಾಗೆ ಯಾವನೂ ನೀರಿಗೆ ಹೆದ್ರಿದ್ದಿಲ್ಲ, ಹೆದ್ರೋನು ಹೆಂಗಿರ್ತಾನೆ ನೋಡಾನ ಅಂತ ಬಂದೆ."

ಅವನು ಹೋದ ಮೇಲೆ ತಿಮ್ಮರಾಜು ಸ್ವಲ್ಪ ಹೊತ್ತು ಮಾಸ್ಕಿನ ಪಟ್ಟಿ ಸರಿ ಮಾಡಿಕೊಂಡ. ಅದು ಮೊದಲೇ ಸರಿಯಾಗಿತ್ತು.

"ಭಯ ಆಗುತ್ತೆ ಸಾರ್" ಎಂದ.

ಯೋಗೀಶ್ ನಗಲಿಲ್ಲ. "ಯಾವುದಕ್ಕೆ?"

"ನೀರಿಗಲ್ಲ. ಒಳಗೆ ಬಾಯಿ ಬಿಡೋಕೆ. ನೀರೇ ನುಗ್ಗುತ್ತೆ ಅನ್ಸುತ್ತೆ."

"ಇದನ್ನ ಮೊದಲನೇ ದಿನ ಹೇಳಿದ್ರೆ ಇಷ್ಟೊತ್ತಿಗೆ ಮುಗೀತಿತ್ತು. ಹಾಡು ಬರುತ್ತಾ?"

"ಇಲ್ಲ."

"ಭಜನೆ ಗಿಜನೆ?"

"ಇಲ್ಲ ಸಾರ್."

"ಏನಾದ್ರೂ ಗುನುಗ್ಬೇಕು ಕಣಪ್ಪ. ಗಂಟಲಲ್ಲಿ ಸದ್ದು ಇದ್ದಷ್ಟು ಹೊತ್ತು ಉಸಿರು ಕಟ್ಟೋಕೆ ಆಗಲ್ಲ. ಸದ್ದು ಮುಗೀತಾ, ಗಾಳಿ ತಾನೇ ಒಳಗೆ ಬರುತ್ತೆ. ಅಷ್ಟೇ ಉಪಾಯ."

ಆಗ ರಾಶಿಯ ಕಡೆಯಿಂದ ಲಕ್ಕಯ್ಯನ ದನಿ ಬಂತು. ಎಣಿಕೆ ಶುರುವಾಗಿತ್ತು. "ಲಾಭಾ..." ಒಂದು ಎಂದು ಯಾರೂ ಶುರು ಮಾಡುವುದಿಲ್ಲ, ಮೊದಲನೆಯದು ಲಾಭ. ಜೋಡಿ ಕಾಯಿ ಎಸೆದು, ಮುಂದಿನ ಜೋಡಿ ಕೈಗೆ ಬರುವ ತನಕ ಆ ಅಂಕಿಯನ್ನೇ ರಾಗವಾಗಿ ಎಳೆಯಬೇಕು. "ಎರಡೂ... ಮೂರೂ..." ಎಣಿಸುವವನ ದನಿ ನಿಂತರೆ ಲೆಕ್ಕ ತಪ್ಪಿತು ಎಂದೇ ಅರ್ಥ. ಆರಾದ ಮೇಲೆ ಲಕ್ಕಯ್ಯ "ಮತ್ತೊಂದೂ..." ಅಂದ. ಅವರ ಮನೆಯಲ್ಲಿ ರಾಶಿಯ ಮುಂದೆ ಏಳು ಅನ್ನುವುದಿಲ್ಲ. ಏಳು ಅಂದರೆ ರಾಶಿ ಎದ್ದು ಹೋಗುತ್ತದಂತೆ. ತಿಮ್ಮರಾಜು ಇದನ್ನು ನಂಬುತ್ತಿರಲಿಲ್ಲ, ಆದರೆ ಅವನಿಗೂ ಬೇರೆ ತರ ಎಣಿಸಲು ಬರುತ್ತಿರಲಿಲ್ಲ.

"ಎಣಿಸ್ಬಹುದಾ ಸಾರ್?"

"ಏನಾದ್ರೂ ಎಣ್ಸು."

ಇಳಿದರು. ನೀರು ಕಿವಿ ಮುಚ್ಚಿತು. ಗಂಟಲು ಎಂದಿನಂತೆ ಮುಚ್ಚಿಕೊಂಡಿತು. ಪಾಚಿ ಹಿಡಿದ ಕಲ್ಲುಗಳು ಮುಖದ ಮುಂದೆ ಮೇಲಕ್ಕೆ ಹೋದವು. ತಳದಲ್ಲಿ ಮಂಡಿಯೂರಿ ಕೂತಾಗ ಎದುರಿಗೆ ಯೋಗೀಶ್ ಬಾಯಿಯ ಮುಂದೆ ಬೆರಳಾಡಿಸಿ ಗುಳ್ಳೆ ಎಲ್ಲಿ ಎಂದು ಸನ್ನೆಯಲ್ಲೇ ಕೇಳಿದ. ತಿಮ್ಮರಾಜು ಹಲ್ಲು ಕಚ್ಚಿ ಕೂತಿದ್ದ. ಎದೆ ಹೊಡೆದುಕೊಳ್ಳತೊಡಗಿತು. ಇನ್ನು ಕಾಲು ಒದೆಯುತ್ತದೆ ಎಂದು ಗೊತ್ತಾಯಿತು.

"ಲಾಭಾ" ಎಂದ.

ರಬ್ಬರಿನೊಳಗೆ ಅದು ಎಮ್ಮೆ ಕೂಗಿದಂತೆ ಕೇಳಿತು. ಕಿವಿಯ ಪಕ್ಕದಲ್ಲಿ ಗುಳ್ಳೆಗಳು ಗುಡುಗುಡು ಎಂದು ಮೇಲೆ ಹೋದವು. ದನಿ ಮುಗಿಯಿತು, ಗಾಳಿ ಬಂತು. ಒಣ ಗಾಳಿ, ಟಯರ್ ಅಂಗಡಿಯ ವಾಸನೆಯದು. ನೀರಲ್ಲ. "ಎರಡೂ" ಎಂದ. ಮತ್ತೆ ಬಂತು. ಹೀಗೇ ಎಷ್ಟು ಸಲ ಲಾಭದಿಂದ ಎಣಿಕೆ ಶುರು ಮಾಡಿದನೋ, ಕೊನೆಗೆ ಯೋಗೀಶ್ ಹೆಬ್ಬೆರಳು ತೋರುಬೆರಳು ಸೇರಿಸಿ ಸರಿ ಎಂದು ತೋರಿಸಿದ. ಆಮೇಲೆ ತನ್ನ ಬಾಯಿಯತ್ತ ಬೆರಳು ಮಾಡಿದ. ಕೊನೆಯ ಪರೀಕ್ಷೆ ಅದು: ರೆಗ್ಯುಲೇಟರ್ ಬಾಯಿಂದ ತೆಗೆಯಬೇಕು, ಗುಳ್ಳೆ ಬಿಡುತ್ತಲೇ ಇರಬೇಕು, ಮತ್ತೆ ಇಟ್ಟುಕೊಳ್ಳಬೇಕು.

ಐದು ಎಂದು ಗಾಳಿ ಎಳೆದುಕೊಂಡು ತೆಗೆದ. ತಣ್ಣಗಿನ ನೀರು ತುಟಿಗೆ ಬಂತು. "ಆರೂ" ಎಂದು ಎಳೆದ, ಸಣ್ಣ ಗುಳ್ಳೆಗಳು ಹೋದವು. ಕೈ ರೆಗ್ಯುಲೇಟರಿಗೆ ತಡಕಾಡಿತು. ತಕ್ಷಣ ಸಿಗಲಿಲ್ಲ. ಮುಂದಿನ ಅಂಕಿ ನಾಲಿಗೆಗೆ ಬಂದಾಗ ಕಾಯಿ ಎಣಿಸುವಾಗ ಎಂದೂ ಅನ್ನದ ಆ ಮಾತೇ ಬಂತು: ಏಳು. ಕಾಲು ಅದಕ್ಕೇ ಕಾದಿದ್ದಂತೆ ನೆಲ ಬಿಟ್ಟಿತು. ಯೋಗೀಶನ ಕೈ ಪಟ್ಟಿಗೆ ಬಂತು.

"ಮತ್ತೊಂದೂ" ಎಂದ ತಿಮ್ಮರಾಜು, ಬರಿಯ ನೀರಿಗೆ. ಮಂಡಿ ಮತ್ತೆ ಕೆಸರಿಗೆ ಇಳಿಯಿತು. ಕೊಳವೆ ಭುಜದ ಹಿಂದೆ ಸಿಕ್ಕಿತು. ಬಾಯಿಗಿಟ್ಟು, ಉಳಿದದ್ದನ್ನು ಊದಿ ನೀರು ಹೊರದೂಡಿ, ಎಳೆದ. ಸ್ವಲ್ಪ ಪಾಚಿ ನೀರು, ಆಮೇಲೆ ಗಾಳಿ. ಕೆಮ್ಮಿದ. ರೆಗ್ಯುಲೇಟರಿನೊಳಗೇ ಕೆಮ್ಮಬಹುದು ಎಂದು ಯೋಗೀಶ್ ಹೇಳಿದ್ದ, ಅದೂ ನಿಜವಾಯಿತು.

ಮೇಲೆ ಬಂದಾಗ ಯೋಗೀಶ್ ಮೊದಲು ಗಾಳಿಯ ಮೀಟರ್ ನೋಡಿದ.

"ಅನಿತಾಗಿಂತ ಎರಡರಷ್ಟು ತಿಂದಿದ್ದೀಯ."

"ನಾನು ಕಾಯಿ ಎಣಿಸ್ಲಿಲ್ವಲ್ಲ" ಎಂದಳು ಅನಿತಾ. "ಕೆಳಗಿಂದ ಅದೇನ್ರೀ ಸದ್ದು, ಮೋಟಾರ್ ಕೆಟ್ಟೋಗಿದೆ ಅಂದ್ಕೊಂಡೆ."

"ಪಾಸಾ ಸಾರ್?"

"ಬಾವೀಲಿ ಪಾಸು. ನಾಳಿದ್ದು ಕೆರೆ. ತೂಬಿನ ಹತ್ರ. ಅಲ್ಲಿ ನಿನ್ ಕೈ ನಿಂಗೆ ಕಾಣ್ಸಲ್ಲ."

ತಿಮ್ಮರಾಜು ತಲೆಯಾಡಿಸಿದ. ಭಯ ಹೋಯಿತೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದ.

ಲಕ್ಕಯ್ಯ ಬಾವಿಯ ಕಟ್ಟೆಯ ಮೇಲೆ ನಿಂತಿದ್ದ. ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಾಗೇ ಇತ್ತು.

"ಅಷ್ಟೊತ್ತು ಒಳಗೆ ಏನ್ಲಾ ಮಾಡ್ತಿದ್ದೆ?"

"ಉಸಿರಾಡ್ತಿದ್ದೆ."

"ಬಾಯಿ ಬುಟ್ಕೊಂಡಾ?"

"ಬಾಯಿ ಬಿಟ್ಕೊಂಡೇ."

ಲಕ್ಕಯ್ಯ ನೀರನ್ನು ನೋಡಿದ. ಒಂದೆರಡು ಗುಳ್ಳೆ ಇನ್ನೂ ಗೋಡೆಯ ಪಾಚಿಗೆ ಅಂಟಿಕೊಂಡಿದ್ದವು.

"ನಿನ್ ಗುಳ್ಳೆ ನೋಡ್ತಾ ನಿಂತು ನನ್ ಲೆಕ್ಕ ಹೋಯ್ತು ಕಣ್ಲಾ, ಮುಂಡೇದೆ" ಎಂದು ರಾಶಿಯ ಕಡೆ ಹೊರಟ. ಕೈಯಲ್ಲಿದ್ದ ಜೋಡಿಯನ್ನು ರಾಶಿಗೆ ಹಾಕಿ, ಎಣಿಸಿ ಎಸೆದಿದ್ದ ಕಾಯಿಗಳನ್ನು ಕಾಲಿನಿಂದ ಮತ್ತೆ ರಾಶಿಗೆ ಒತ್ತಿ, ಬಗ್ಗಿ ಒಂದು ಜೋಡಿ ಎತ್ತಿಕೊಂಡು, ಮೊದಲಿನಿಂದ ಶುರು ಮಾಡಿದ.