ದೊಡ್ಡ ಪಿಟೀಲು

ಅವಳಿಗೆ ಗೋಂದು ಎಂದು ಹೆಸರಿಟ್ಟವರು ಸಂಗೀತ ಕಾಲೇಜಿನ ಗೆಳೆಯರೇ. ಪಿಟೀಲು ನುಡಿಸುವ ಹುಡುಗಿಯರಿಬ್ಬರದು ಬೆಳಗಾದರೆ ಹಾವು ಮುಂಗುಸಿ ಜಗಳ. ನೆಲಕ್ಕೂರಿ ನುಡಿಸುವ ದಪ್ಪ ವಾದ್ಯ ಚೆಲ್ಲೊ, ಅದನ್ನು ನುಡಿಸುವವನು ಪ್ರತಿ ಕೃತಿಗೂ ಮುಂಚೆ ಮಾರುದ್ದ ಮಾತಾಡುತ್ತಿದ್ದ, ಅದಕ್ಕೇ ಅವನ ಅಡ್ಡಹೆಸರು ಪೀಠಿಕೆ. ಈ ಮೂವರನ್ನು ಅಂಟಿಸಿ, ನಾಲ್ಕನೆಯವಳಾಗಿ ನಡುವೆ ಕೂತು ವಯೋಲ ನುಡಿಸುವವಳು ಗೋಂದು. ವಯೋಲದ ಮೈ ಪಿಟೀಲಿಗಿಂತ ಕೊಂಚ ದೊಡ್ಡದು, ದನಿ ಕೊಂಚ ದಪ್ಪ. ಅವಳ ಅಮ್ಮ ಅದನ್ನು 'ದೊಡ್ಡ ಪಿಟೀಲು' ಅನ್ನುತ್ತಿದ್ದಳು.

ಆ ವರ್ಷ, ನಾಲ್ಕೈದು ಜನ ಕೂಡಿ ನುಡಿಸುವ ಚೇಂಬರ್ ಸಂಗೀತದ ಉತ್ಸವವನ್ನು ಮೇಷ್ಟ್ರುಗಳ ಹಂಗಿಲ್ಲದೆ ತಾವೇ ಮಾಡುತ್ತೇವೆಂದು ಹುಡುಗರು ಹಟ ಹಿಡಿದರು. ಕೃತಿ ಆರಿಸುವುದರಿಂದ ಕುರ್ಚಿ ಹಾಕುವವರೆಗೆ ಎಲ್ಲವನ್ನೂ ಗೋಂದಿನ ತಲೆಗೆ ಕಟ್ಟಿದರು. ಅವಳು ಹ್ಞೂಂ ಅಂದದ್ದಕ್ಕೆ ಕಾರಣ ಬೇರೆಯೇ ಇತ್ತು.

ಅಮ್ಮ ಹೆಂಗಸರ ಬಟ್ಟೆ ಹೊಲಿಯುವವಳು. ಅವಳ ಕಣ್ಣು ಈಗೀಗ ಸೂಜಿಗೆ ದಾರ ಪೋಣಿಸಲು ತಡವರಿಸುತ್ತಿತ್ತು. ಸೋದರಮಾವ ತನ್ನ ಗೋದಾಮಿನಲ್ಲಿ ಗೋಂದಿಗೆ ಕೆಲಸ ನೋಡಿದ್ದ.

"ಇಷ್ಟು ವರ್ಷ ನೀನು ನುಡಿಸೋದನ್ನ ಮಿಷನ್ ಸದ್ದಲ್ಲಿ ಅರ್ಧಂಬರ್ಧ ಕೇಳಿದೀನಿ," ಎಂದಿದ್ದಳು ಅಮ್ಮ. "ಒಂದ್ಸಲ ಕೈಕಟ್ಕೊಂಡು ಕೂತು ಕೇಳ್ತೀನಿ. ಮನಸ್ಸಿಗೆ ಹಿಡಿಸಿದ್ರೆ ಇನ್ನೊಂದು ವರ್ಷ ಹೇಗೋ ಎಳೀತೀನಿ. ಇಲ್ದಿದ್ರೆ ಮಾವನ ಮಾತು ಕೇಳು."

ಹಾಗಾಗಿ ಗೋಂದು ಎಲ್ಲರಿಗೂ ಬೇಕುಬೇಕಾದ್ದನ್ನು ಹಂಚಿ, ಕಟ್ಟಕಡೆಗೆ ಪಿಯಾನೊ ಜೊತೆ ವಯೋಲ ಒಂದೇ ಹಾಡುವ ಕೃತಿಯನ್ನು ತನಗಿಟ್ಟುಕೊಂಡಳು. ಸ್ವಾರ್ಥವೆಂದರೆ ಸ್ವಾರ್ಥವೇ. ಅಷ್ಟು ಮಾತ್ರ.

ಉತ್ಸವದ ದಿನ ಅಮ್ಮ ಒಳ್ಳೆಯ ಸೀರೆಯುಟ್ಟು ಎರಡನೇ ಸಾಲಿನಲ್ಲಿ ಕೂತಳು. ಪೀಠಿಕೆ ಮೈಕು ಹಿಡಿದ. ಹಿಡಿದವನು ಬಿಡಬೇಕಲ್ಲ! ಕೃತಿ ಚಿಕ್ಕದಾದಷ್ಟೂ ಅವನ ಮಾತು ದೊಡ್ಡದಾಯಿತು. ಸಂಜೆಗೆ ಆ ಸಭಾಂಗಣ ಕರಾಟೆ ಕ್ಲಾಸಿನವರದು. ಎರಡು ಕೃತಿ ಬಾಕಿ ಇರುವಾಗಲೇ ಬಿಳಿ ಬಟ್ಟೆಯ ಮಕ್ಕಳು ಬಾಗಿಲಲ್ಲಿ ಮುತ್ತಿದ್ದರು.

"ಒಂದಕ್ಕೆ ಮಾತ್ರ ಟೈಮಿದೆ," ಎಂದ ಸಭಾಂಗಣದ ಕಾವಲಿನವನು.

ಪರದೆಯ ಹಿಂದೆ ಎಲ್ಲರೂ ಗೋಂದಿನ ಮುಖ ನೋಡಿದರು. ಉಳಿದದ್ದು ನಾಲ್ವರ ಕೃತಿ ಮತ್ತು ಅವಳದ್ದು.

"ನಂದೇ ಬಿಟ್ಬಿಡೋಣ ಬಿಡಿ," ಎಂದಳು ಗೋಂದು. ಅದು ಬಾಯುಪಚಾರದ ಮಾತು. ಯಾರಾದರೂ ಛೆ ಛೆ ಅನ್ನುತ್ತಾರೆ, ಅನ್ನಲೇಬೇಕು ಎಂದುಕೊಂಡು ಆಡಿದ್ದು. ಅಮ್ಮನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

"ನೀನು ದೇವತೆ ಕಣೆ," ಎಂದ ಪೀಠಿಕೆ, ಚೆಲ್ಲೊ ಎತ್ತಿಕೊಂಡು ನಡೆದೇಬಿಟ್ಟ.

ನಾಲ್ವರೂ ನುಡಿಸಿದರು. ಅಷ್ಟು ಚೆನ್ನಾಗಿ ಅವರು ಎಂದೂ ನುಡಿಸಿರಲಿಲ್ಲ. ನಡುವಿನ ದನಿ ಬೇರೆಯಾಗಿ ಕೇಳಬಾರದು, ನಿಂತಾಗ ಮಾತ್ರ ಏನೋ ಇಲ್ಲ ಅನ್ನಿಸಬೇಕು ಎಂದು ವರ್ಷಗಟ್ಟಲೆ ಕಲಿಸಿದ್ದರು ಅವಳ ಮೇಷ್ಟ್ರು. ನಡುವೆ ಒಂದು ಕಡೆ, ಕಮಾನನ್ನು ಸ್ವಲ್ಪ ಒತ್ತಿ ಎಳೆದರೆ ಅಮ್ಮನಿಗೆ ತಾನು ಕೇಳಿಸುತ್ತೇನೆ ಎಂದು ಅವಳಿಗೆ ಹೊಳೆಯಿತು. ಒತ್ತಲು ಹೋದಳು, ಕೈ ಬರಲಿಲ್ಲ. ಅವಳ ಕಿವಿ ಒಪ್ಪಲಿಲ್ಲ. ಉಳಿದ ಮೂವರ ದನಿಯೊಳಗೆ ಅವಳು ಎಂದಿನಂತೆ ಕರಗಿಹೋದಳು.

ಚಪ್ಪಾಳೆ ಮುಗಿದ ಮೇಲೆ ಅಮ್ಮ ಹತ್ತಿರ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಎಷ್ಟು ಚೆನ್ನಾಗಿತ್ತು ಕಣೇ. ಕಿವಿ ನೆಟ್ಕೊಂಡು ಕೂತಿದ್ದೆ. ಅದ್ರಲ್ಲಿ ನಿಂದು ಯಾವ್ದು?"

"ನಿಲ್ಲಮ್ಮ, ಒಂದೇ ಒಂದು ಸಾಲು ನುಡಿಸ್ತೀನಿ," ಎನ್ನುತ್ತ ಗೋಂದು ಪೆಟ್ಟಿಗೆ ತೆಗೆದು ವಾದ್ಯವನ್ನು ಭುಜಕ್ಕಿಟ್ಟಳು. ಅಷ್ಟರಲ್ಲಿ ಮಕ್ಕಳು ಒಳನುಗ್ಗಿ ಸಾಲಾಗಿ ನಿಂತು ಒಟ್ಟಿಗೆ ಅರಚಿದರು. ನೆಲ ಅದುರಿತು. ಅವಳು ಎಳೆದ ಸಾಲು ಅವಳಿಗೇ ಕೇಳಲಿಲ್ಲ.

ಬೀದಿಯಲ್ಲಿ ಅಮ್ಮ ಪೆಟ್ಟಿಗೆಯನ್ನು ತಾನೇ ಹಿಡಿದುಕೊಂಡಳು.

"ಲೈನಿಂಗ್ ಬಟ್ಟೆ ಇದ್ದ ಹಾಗೆ ಅಲ್ವಾ ನಿಂದು?" ಎಂದಳು ಅಮ್ಮ. "ಹೊರಗೆ ಕಾಣಿಸಿಲ್ಲ ಅಂದ್ರೆ ಚೆನ್ನಾಗಿ ಹೊಲಿದಿದೀಯ ಅಂತ. ನಂಗೊತ್ತು. ಆದ್ರೆ ಲೈನಿಂಗ್ ನೋಡಿ ಯಾರೂ ಬಟ್ಟೆ ಹೊಲಿಸಲ್ಲ ಕಣೇ."

"ಹೌದಮ್ಮ."

"ಮಾವ ಸೋಮವಾರ ಬಾ ಅಂದಿದಾನೆ."

ಗೋಂದು ಹ್ಞೂಂ ಎಂದು ತಲೆಯಾಡಿಸಿದಳು. ಪೆಟ್ಟಿಗೆ ಅಮ್ಮನ ಕೈಯಲ್ಲೇ ಇತ್ತು. ಗೋಂದು ಅದನ್ನು ವಾಪಸ್ ಕೇಳಲಿಲ್ಲ.